ಎಷ್ಟೈತಮ್ಮ

ಪಾಲಯ್ಯ, ಅರವತ್ತೆರಡು. ಪಿತ್ತಕೋಶ ತೆಗೆದು ಮೂರು ವರ್ಷ.
ಕಲ್ಲು ಹೋಯಿತು, ನೋವು ಹೋಗಲಿಲ್ಲ.
ಸ್ಕ್ಯಾನಿನಲ್ಲಿ ನಾಳ ತುಸು ದಪ್ಪ, ಅಷ್ಟೇ.
ಗ್ಯಾಸು ಎಂದರು, ವಯಸ್ಸು ಎಂದರು,
ಒಬ್ಬರಂತೂ ನೇರ ಕೇಳಿದರಂತೆ:
ಮನೆಯಲ್ಲಿ ಏನಾದರೂ ಜಗಳವಾ?

ಸಹಿ ಹಾಕಬೇಕಾದ ಕಾಗದ ಮಡಿಚಿಟ್ಟು
'ಅಲ್ಲೇನು ಬಾಗ್ಲೈತಾ?' ಎಂದ.
ಇದೆ. ಪಿತ್ತ ಕರುಳಿಗಿಳಿಯುವ ಕಡೆಯಲ್ಲಿ
ಉಂಗುರದಂಥ ಸ್ನಾಯು, ಅಕ್ಕಿಕಾಳಿಗಿಂತ ತುಸು ಉದ್ದ.
ಉಂಡಾಗ ಸಡಿಲಬೇಕು, ಉಳಿದ ಹೊತ್ತು ಬಿಗಿ ಹಿಡಿಯಬೇಕು.
'ಅಂದ್ರೆ ತೂಬು.'
ಮೂವತ್ತು ವರ್ಷ ಭದ್ರಾ ನಾಲೆಯ ಬಾಲದಲ್ಲಿ
ನೀರುಗಂಟಿಯಾಗಿದ್ದವನು.
ಮೇಲಿನವರು ಕಟ್ಟಿಕೊಂಡರೂ
ಕೆಳಗಿನವರು ಬೈದದ್ದು ಇವನನ್ನೇ.

ಮಂಪರು ಹತ್ತಿದ ಮೇಲೆ
ಬಾಯಿಂದಿಳಿದ ಕೊಳವೆಯೊಳಗೆ ಇನ್ನೊಂದು ಕೊಳವೆ,
ಅದರಲ್ಲಿ ಹನಿಹನಿ ನೀರು.
ಮೊದಲು ಕರುಳಿನ ಒತ್ತಡವನ್ನು
ಸೊನ್ನೆಯೆಂದು ಬರೆದುಕೊಂಡೆ.
ಡಾಕ್ಟರು ನಾಳದೊಳಗಿಂದ ಹೊರಕ್ಕೆ
ಒಂದೊಂದು ಗೆರೆ ಎಳೆಯುತ್ತ, ನಿಲ್ಲುತ್ತ.
ನಾನು ಪರದೆಯ ಮುಂದೆ.
ಹನ್ನೆರಡು. ಹದಿನೈದು.
ಆಮೇಲೆ ಗೆರೆ ಎದ್ದು ನಿಂತಿತು, ಇಳಿಯಲಿಲ್ಲ.
ನಲವತ್ತು ದಾಟಿದರೆ ರೋಗ.
ಎಪ್ಪತ್ತೊಂದು.
ಮತ್ತೊಮ್ಮೆ ಎಳೆದು ನೋಡಿದರು. ಎಪ್ಪತ್ತೊಂದು.

ಎಚ್ಚರವಾದವನು ನೀರು ಕೇಳಲಿಲ್ಲ.
'ಎಷ್ಟೈತಮ್ಮ?' ಎಂದ,
ನಡುರಾತ್ರಿ ಟಾರ್ಚು ಹಿಡಿದು
ಅಳತೆಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತವನಂತೆ.
ಹೇಳಿದೆ.
'ಕೇಳಿದ್ಯೇನೇ, ಎಪ್ಪತ್ತೊಂದು!'
ಸಾಕವ್ವ ಸೆರಗಿನಿಂದ ಅವನ ಬಾಯಂಚು ಒರೆಸಿದಳು,
ಮೂರು ವರ್ಷ ನಂಬದಿದ್ದ ಕೈಯಿಂದ.

ಇನ್ನು ಆ ಉಂಗುರವನ್ನು ಚೂರು ಕೊಯ್ಯುತ್ತಾರೆ, ಎಂದೆ.
ಹರಿವು ಸಲೀಸಾಗುತ್ತೆ.
ಬಹಳ ಹೊತ್ತು ಸುಮ್ಮನಿದ್ದ.
'ಕೊಯ್ದ ತೂಬಿಗೆ ಮತ್ತೆ ಹಲಗೆ ಹಾಕಾಕಾಗಲ್ಲ, ಅಲ್ವಾ?'
ಫಾರ್ಮಿನಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ.

ರಾತ್ರಿ ಎಂಟಕ್ಕೆ ಡ್ಯೂಟಿ ಮುಗಿಸಿ
ದಾವಣಗೆರೆಯ ಹಳೇ ಪೇಟೆಯ ದೋಸೆ ಅಂಗಡಿಯಲ್ಲಿ ಕೂತೆ.
ಹೆಂಚಿನ ಮೇಲೆ ಬೆಣ್ಣೆಯ ಮುದ್ದೆ ಜಾರುತ್ತಿತ್ತು.
ಇದರ ವಾಸನೆಗೇ ದಾರಿ ಬದಲಿಸುತ್ತಿದ್ದನಂತೆ ಅವನು.
ತಿಂದೆ, ಎರಡು.
ಎರಡನೆಯದಕ್ಕೆ ಇನ್ನಷ್ಟು ಬೆಣ್ಣೆ ಹಾಕಿಸಿಕೊಂಡು
ಬಲಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟುಕೊಂಡೆ.
ಒಳಗೆ ಯಾರೋ ಹಲಗೆ ಎತ್ತಿರಬೇಕು.
ನನಗೇನೂ ಗೊತ್ತಾಗಲಿಲ್ಲ.