ಡೆಮೊ ಮುಗಿದ ಮೇಲೆ

ಬಿಜೈಯ ನಾಲ್ಕನೇ ಮಾಳಿಗೆಯಲ್ಲಿ ಹನ್ನೊಂದು ಹೆಂಗಸರು
ಎಣ್ಣೆ ಹಾಕದ ಬಂಗುಡೆಗೆ ಚಪ್ಪಾಳೆ ತಟ್ಟಿದರು.
ನೀರಿಲ್ಲದೆ ಬೆಂದ ಅಲಸಂಡೆ,
ಗ್ಯಾಸ್ ಒಲೆಯ ಮೇಲೇ ಉಬ್ಬಿದ ಕೇಕು.
ಕೊನೆಗೆ ಮುಚ್ಚಳದ ಗುಂಡಿ ಹಿಡಿದು ಬುಗುರಿಯಂತೆ ತಿರುಗಿಸಿದೆ.
ಹಬೆಯ ಉಂಗುರದ ಮೇಲೆ ಅದು ತಾನೇ ತಿರುಗುತ್ತಾ ನಿಂತಿತು.
ಆಹಾ ಅಂದರು.
ಆ ಆಹಾ ಕಂಪೆನಿಯ ಪುಸ್ತಕದಲ್ಲೂ ಉಂಟು, ಹದಿನಾಲ್ಕನೇ ಪುಟ.

ಪುಸ್ತಕ ಅಲ್ಲಿಗೇ ಮುಗಿಯುತ್ತದೆ.

ಪೇಪರ್ ತಟ್ಟೆಗಳು ಚೀಲಕ್ಕೆ ಹೋದವು, ಹೆಂಗಸರು ಲಿಫ್ಟಿಗೆ.
"ಇವರ ಹತ್ರ ಕೇಳಿ ಹೇಳ್ತೇನೆ" ಮೂರು,
"ಮೊಂತಿ ಹಬ್ಬ ಕಳೀಲಿ" ಎರಡು,
ಸಣ್ಣ ಬಾಣಲೆಗೆ ಒಂದೇ ಒಂದು ಸಹಿ, ಅದೂ ಐದು ಕಂತು.
ಉಳಿದದ್ದು ನಾನು,
ಏಳು ಪಾತ್ರೆ, ನಾಲ್ಕು ಮುಚ್ಚಳ,
ತಳ ಕಚ್ಚಿ ಹಿಡಿದ ಬಂಗುಡೆಯ ಒಂದು ಬಾಲ.

ಇಲ್ಲೇ ತೊಳೆಯುವುದೋ, ಹಾಗೇ ಕಟ್ಟುವುದೋ?
ಶನಿವಾರದ ಮೀಟಿಂಗಿನಲ್ಲಿ ಇದಕ್ಕೆ ಎರಡು ಪಕ್ಷ.
ಕಂಕನಾಡಿಯ ಝುಲೈಕಾ ಅನ್ನುತ್ತಾಳೆ: ಕಣ್ಣೆದುರೇ ತೊಳೆ,
ಎಷ್ಟು ಸಲೀಸು ನೋಡಿ ಅನ್ನು,
ಸಿಂಕಿನ ಬಳಿಯೇ ನನಗೆ ಎರಡು ಆರ್ಡರ್ ಸಿಕ್ಕಿದ್ದುಂಟು.
ವಿನೋದಿನಿ ಮೇಡಂ ಮೂಗು ಮುರಿಯುತ್ತಾರೆ:
ಗಿರಾಕಿ ಮನೆಯಲ್ಲಿ ಪಾತ್ರೆ ಉಜ್ಜಲಿಕ್ಕೆ ನಾವೇನು ಕೆಲಸದವರಾ?
ಕನ್ಸಲ್ಟೆಂಟು!
ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ, ಬ್ಯಾಗಿಗೆ ತುಂಬಿ, ನಗುತ್ತಾ ಹೊರಡಿ.

ಕನ್ಸಲ್ಟೆಂಟು ಸಿಟಿ ಬಸ್ಸಿನಲ್ಲಿ ಹೋಗುತ್ತಾಳೆ.
ಒಮ್ಮೆ ಜ್ಯೋತಿ ಸರ್ಕಲಿನ ತಿರುವಿನಲ್ಲಿ ಬ್ಯಾಗು ಸೋರಿ
ಯಾರದ್ದೋ ಚಪ್ಪಲಿಯವರೆಗೆ ಹರಿಯಿತು ಪುಳಿಮುಂಚಿಯ ರಸ.
"ಮೀನಿನ ಬುಟ್ಟಿ ಹಿಂದೆ ಇಡಿ ಅಕ್ಕಾ" ಅಂದ ಕಂಡಕ್ಟರ್.
ಆ ದಿನ ನಾನು ಕೋಟು ಹಾಕಿದ್ದೆ,
ಎದೆಯಲ್ಲಿ ಬಿಲ್ಲೆ ಕೂಡ ಇತ್ತು: ಹರಿಣಾಕ್ಷಿ.

"ಬಿಡಿ ಮಾರಾಯ್ರೇ" ಅಂದರು ಪ್ರೆಸಿಲ್ಲಾ ಬಾಯಿ,
"ಅಪ್ಪಿ ಇದ್ದಾಳಲ್ಲ, ತೊಳೀತಾಳೆ."
ಅಪ್ಪಿ ಅಡಿಗೆಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು,
ಯಾವಾಗಿನಿಂದಲೋ.
ಸಿಂಕಿನಲ್ಲಿ ಬೆಳಗ್ಗಿನ ರಾಶಿ ಮೊದಲೇ ಇತ್ತು.
ನನ್ನದನ್ನು ಕಣ್ಣಿನಲ್ಲೇ ಎಣಿಸಿದಳು,
ಏನೂ ಹೇಳಲಿಲ್ಲ.
ನಾನು ಕೋಟು ಕಳಚಿ ಫ್ರಿಜ್ಜಿನ ಹಿಡಿಗೆ ತೂಗಿದೆ.

"ಈರ್ ದೆಕ್ಕೊಡ್ಚಿ" ಅಂದಳು.
ನಾನು ನಲ್ಲಿ ತಿರುಗಿಸಿದೆ.
ಅವಳು ತೆಂಗಿನ ನಾರು ಎತ್ತಿಕೊಂಡಳು.
ಅಯ್ಯೋ, ನಾರು ಬೇಡ, ಗೆರೆ ಬೀಳ್ತದೆ!
"ಜೀವಮಾನದ ಗ್ಯಾರಂಟಿ ಅಂದ್ರಲ್ಲ ಆಗ,
ನಾರಿಗೆ ಹೆದರ್ತದಾ ಅದು?"

ಅವಳು ಉಜ್ಜಿದಳು, ನಾನು ಜಾಲಿಸಿದೆ.
ಸ್ಪಂಜಿಗೆ ಬಾರದ ಬಾಲವನ್ನು
ಹೆಬ್ಬೆರಳ ಉಗುರಿನಲ್ಲಿ ಎಬ್ಬಿಸಿ ತೆಗೆದಳು,
ಮಗುವಿನ ಮೂಗು ತೆಗೆದ ಹಾಗೆ.
ದೊಡ್ಡ ಪಾತ್ರೆ ಬೆಳಕಿಗೆ ಹಿಡಿದು,
ಒಳಗೆ ಅಗಲವಾಗಿ ಕಂಡ ತನ್ನ ಮುಖ ನೋಡುತ್ತಾ, ರೇಟು ಕೇಳಿದಳು.
ಹೇಳಿದೆ.
"ಓ. ಎರಡು ವರ್ಷ ಇಲ್ಲಿ ತೊಳೆದರೆ
ಇದನ್ನು ನನ್ನ ಮನೆಯಲ್ಲೂ ತೊಳೆಯಬಹುದು."

ನನ್ನ ಮನೆಯಲ್ಲೂ ಇಲ್ಲ ಅಪ್ಪೀ.
ಬೋಂದೆಲಿನಲ್ಲಿ ನನ್ನ ಕುಚ್ಚಲಕ್ಕಿ ಬೇಯುವುದು
ಬದಿ ನುಗ್ಗಿದ ಅಲ್ಯುಮಿನಿಯಮ್ಮಿನಲ್ಲಿ, ಎರಡು ಗಂಟೆ, ಸುಮ್ಮನೆ.
ಈ ಸೆಟ್ಟು ಮಂಚದ ಅಡಿಯಲ್ಲಿ ಬ್ಯಾಗಿನೊಳಗೇ ಮಲಗುತ್ತದೆ,
ಕಂತಿನ ಕಾಗದದ ಜೊತೆ.
ಇದನ್ನೆಲ್ಲ ಹೇಳಬಹುದಿತ್ತು.
ಉಳಿದ ಕೇಕು ಕಟ್ಟಿಕೊಟ್ಟೆ, ಅಷ್ಟೇ.

ಬಸ್ಸಿನಲ್ಲಿ ಬ್ಯಾಗು ಸೋರಲಿಲ್ಲ.
ರಾತ್ರಿ ಬಿಚ್ಚಿದರೆ ಪಾತ್ರೆ ಪಾತ್ರೆಯ ನಡುವೆ
ಹಳೆಯ ಪೇಪರು ಮಡಚಿ ಇಟ್ಟಿದ್ದಳು, ಗಾಜಿಗೆ ಇಡುವಂತೆ.
ದೊಡ್ಡ ಮುಚ್ಚಳದಲ್ಲಿ ಮಾತ್ರ ಕೂದಲೆಳೆಯಂಥ ಗೆರೆ.

ನಿನ್ನೆ ಲೇಡಿಹಿಲ್ಲಿನಲ್ಲಿ ಮುಚ್ಚಳ ತಿರುಗಿಸಿದೆ.
ಗೆರೆಯೂ ತಿರುಗಿತು, ಗಡಿಯಾರದ ಮುಳ್ಳಿನ ಹಾಗೆ, ಬಹಳ ವೇಗವಾಗಿ.
ಆಹಾ ಅಂದರು.
ಅದೇನು ಅಂತ ಯಾರೂ ಕೇಳಲಿಲ್ಲ.
ಕೇಳಿದ್ದರೆ ಎಂತ ಹೇಳುವುದು ಅಂತ
ನಾನು ಬಸ್ಸಿನಲ್ಲಿ ಯೋಚಿಸಿಟ್ಟುಕೊಂಡಿದ್ದೆ.