ದಾರ ಕಟ್ಟಿದ ಪೆನ್ನು

ಕಲಬುರಗಿ ಗಂಜಿನ ಬ್ಯಾಳಿ ಮಿಲ್ಲು, ಹಿಂದಿನ ಖೋಲಿ.
ಅಲ್ಲೊಂದು ಹಳೇ ಡಬ್ಬಿ ಅದ, ಕಂಪ್ಯೂಟರು.
ಅದರ ನೆತ್ತಿ ಮ್ಯಾಲ ತೊಗರಿ ಹೊಟ್ಟಿನ ಧೂಳು
ಒರೆಸಿದಷ್ಟೂ ಬರ್ತದ.
ಹೊರಗ ಕಾಟಾ ಎರಡು, ಒಳಗ ಲೆಕ್ಕ ಒಂದು.

ನನ್ನ ಕೆಲಸ ಇಷ್ಟೇ:
ಈ ಡಬ್ಬಿ ಎರಡು ಎಳೆ ಒಮ್ಮೆಗೇ ನಡೆಸ್ತದೋ ಇಲ್ಲೋ,
ನಡೆಸಿದರೂ ಗಂಟಾಗದಂಗ ನಡೆಸ್ತದೋ ಇಲ್ಲೋ,
ಅದನ್ನ ಗೊತ್ತು ಮಾಡಿ
ಆಮ್ಯಾಲ ಸಾಫ್ಟ್‌ವೇರ್ ಕಟ್ಟೋದು.

ಮೊದಲು ಡಬ್ಬಿಗೇ ಕೇಳಿದೆ.
ಥ್ರೆಡ್ ಅದಾವೇನು? ಹೌದು.
ಬೀಗ ಅದಾವೇನು? ಹೌದು.
ಎಳೆ ಎಳೆಗೂ ತನ್ನದೇ ಜೇಬು? ಹೌದು.
ಇಷ್ಟು ಸಲೀಸಾಗಿ ಹೌದನ್ನೋರನ್ನ
ನನ್ನ ನೋಡಾಕ ಬಂದ ಗಂಡಿನ ಕಡೆಯವರೊಳಗ ನೋಡೀನಿ.

ಹಂಗಾಗಿ ಪರೀಕ್ಷಾ ಬರೆದೆ, ಹದಿನೇಳು ಸಾಲು.
ಒಂದು ಎಳೆಗೆ ಲಾಡ್ಲೇಸಾಬ ಅಂತ ಹೆಸರಿಟ್ಟೆ,
ಇನ್ನೊಂದಕ್ಕ ಭೀಮಶಾ.
ಹೊರಗ ಚೀಲ ಇಳಿಸೋ ಹಮಾಲರ ಹೆಸರು,
ಅವರಿಗೆ ಹೇಳಿಲ್ಲ.
ಇಬ್ಬರೂ ಒಂದೇ ಸಂಖ್ಯೆಗೆ
ಲಕ್ಷ ಲಕ್ಷ ಸಲ ಒಂದೊಂದು ಕೂಡಿಸಬೇಕು.
ಬೀಗ ಹಾಕಿಯೇ ಕೂಡಿಸಬೇಕು.
ಎರಡು ಲಕ್ಷ ಆಗಬೇಕು.

ಆತು: ಒಂದು ಲಕ್ಷ ಎಂಬತ್ತಾರು ಸಾವಿರದ ನಾಕನೂರಾ ಮೂರು.
ಮತ್ತ ಓಡಿಸಿದೆ: ಒಂದು ಲಕ್ಷ ತೊಂಬತ್ತೊಂದು ಸಾವಿರ, ಮ್ಯಾಲ ಚಿಲ್ಲರೆ.
ಮೂರನೇ ಸಲ ಬರೋಬ್ಬರಿ ಎರಡು ಲಕ್ಷ.
ನನಗ ಅಂಜಿಕಿ ಬಂದದ್ದು ಆ ಮೂರನೇದಕ್ಕ.

ಮುನೀಮ ಗುಂಡೇರಾವ್ ಕಾಕಾ ಚಹಾ ಹಿಡಕೊಂಡು ಬಂದು
ಕನ್ನಡಕ ಏರಿಸಿ ನೋಡಿದರು.
"ಉಳಿದ ಚೀಲ ಎಲ್ಲಿ ಹೋದ್ವು ಯವ್ವಾ?"
ಎಲ್ಲೂ ಹೋಗಿಲ್ಲ ಕಾಕಾ.
ಇಬ್ಬರೂ ಒಮ್ಮೆಗೇ ನಲ್ವತ್ತು ಅಂತ ಓದಿದರು,
ಇಬ್ಬರೂ ನಲ್ವತ್ತೊಂದು ಅಂತ ಬರೆದರು.
ಬಂದದ್ದು ಎರಡು ಚೀಲ, ಏರಿದ್ದು ಒಂದು.
ಬೀಗ ಅದ, ಬೀಗದೊಳಗ ಕೊಂಡಿ ಇಲ್ಲ,
ತಿರುವಿದರ ಕೀಲಿ ಸುಮ್ಮನ ತಿರುಗ್ತದ.

ಅವರು ನಗಲಿಲ್ಲ.
ಹಳೇ ಮೇಜಿನ ಹತ್ರ ಕರಕೊಂಡು ಹೋದರು.
ಅಂಚಿಗೆ ಒಂದು ಮೊಳೆ, ಮೊಳೆಗೆ ಗೋಣಿ ದಾರ,
ದಾರದ ತುದಿಗೆ ಏನೂ ಇಲ್ಲ.
"ಇಲ್ಲಿ ಪೆನ್ನು ಕಟ್ಟಿದ್ದೆ, ಇಪ್ಪತ್ತು ವರ್ಷ.
ಕಾಟಾ ಎರಡಿದ್ದರೂ ಪೆನ್ನು ಒಂದೇ.
ಹಿಡದಾವ ಓದಬೇಕು, ಅವನೇ ಬರೀಬೇಕು, ಬಿಡಬೇಕು.
ಬಿಡೋದೇ ದೊಡ್ಡದು ನೋಡು.
ಒಂದು ಸಲ ಒಬ್ಬಾವ ಪೆನ್ನು ಹಿಡದ, ಇನ್ನೊಬ್ಬ ಖಾತೆ ಹಿಡದ.
ನೀ ಕೊಡು, ನೀ ಕೊಡು.
ಗಾಡಿ ಸಾಲು ಹುಮನಾಬಾದ್ ಬೇಸ್ ಮುಟ್ಟಿತ್ತು."

ಸಂಜಿಕೆ ಸಿಕ್ಕಿತು ತಪ್ಪು. ಕಟ್ಟೋ ಹೊತ್ತಿಗೆ
ನಿಜವಾದ ಬೀಗದ ಲೈಬ್ರರಿ ಜೋಡಿಸಿರಲೇ ಇಲ್ಲ,
ಒಂದು ಪದ, ಆರು ಅಕ್ಷರ.
ಮತ್ತ ಕಟ್ಟಿ ಓಡಿಸಿದೆ. ಎರಡು ಲಕ್ಷ.
ರಾತ್ರಿಯೆಲ್ಲಾ ಓಡಲಿ ಅಂತ ಬಿಟ್ಟೆ.
ಏಪ್ರಿಲ್ ಝಳ, ಎರಡು ಸಲ ಕರೆಂಟು ಹೋತು,
ಬ್ಯಾಟರಿ ಕುಂಯ್ ಅಂತಿತ್ತು.
ಬೆಳಗ್ಗೆ ನೋಡಿದರ ಒಂಬತ್ತು ಸಾವಿರ ಸಲ,
ಒಂಬತ್ತು ಸಾವಿರವೂ ಎರಡು ಲಕ್ಷ.

ಆದರೂ ಮುಂದಿನ ಒಂದಕ್ಕ ಇವು ಜಾಮೀನು ನಿಲ್ಲೋದಿಲ್ಲ.
ವರದಿದಾಗ "ಹೌದು" ಅಂತ ಬರೆದು, ಹೊಡೆದು,
"ಸದ್ಯಕ್ಕ ಹೌದು" ಅಂತ ಬರೆದೆ.
ಹೊರಗ ಲಾಡ್ಲೇಸಾಬ, ಭೀಮಶಾ
ಒಂದೇ ಚೀಲಕ್ಕ ಎರಡು ಕೊಕ್ಕಿ ಹಾಕಿ
ಒಬ್ಬರ ಮುಖ ಒಬ್ಬರು ನೋಡದ ಎತ್ತಿದರು.

ಹೊರಡೋ ಮುಂದ ಕೇಳಿದೆ:
ಕಾಕಾ, ಆ ಪೆನ್ನು ಎಲ್ಲಿ ಹೋತು?
"ಯಾರೋ ಹರಕೊಂಡು ಹೋದರವ್ವಾ.
ಅದಕ್ಕೇ ಈ ಕಂಪ್ಯೂಟರ್ ತರಿಸಿದ್ದು."