ದಾರಿ ಬಿಡಿಸುವ ಕೆಲಸ

ನಮ್ಮ ಸಲ್ಮಿಪೆರಾದಲ್ಲಿ ಡಿಸೆಂಬರಿನ ಸೂರ್ಯ
ಗಡಿ ಠಾಣೆಯ ಪೇದೆಯ ಹಾಗೆ:
ಒಮ್ಮೆ ಇಣುಕಿ, ಎಲ್ಲರೂ ಇದ್ದೀರಷ್ಟೆ ಎಂದು ನೋಡಿ
ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಾನೆ.

ಬೆಳಗಿನ ನಾಲ್ಕಕ್ಕೆ ನಾನು ಟ್ರ್ಯಾಕ್ಟರ್ ಹತ್ತುವಾಗ
ಮೈನಸ್ ಇಪ್ಪತ್ತಾರು.
ಉಸಿರು ಮಫ್ಲರಿನ ಮೇಲೆ ಉಪ್ಪಿನ ಹರಳಾಗುತ್ತದೆ.
ಇಪ್ಪತ್ತೊಂದು ವರ್ಷದಿಂದ ಇದೇ:
ಮೊದಲು ಶಾಲೆಯ ರಸ್ತೆ, ಆಮೇಲೆ ವೃದ್ಧರ ಮನೆ.
ಕ್ರಿಸ್‌ಮಸ್ಸಿನ ಮುನ್ನಾದಿನ ಮಾತ್ರ ಮೊದಲು ಇಗರ್ಜಿ,
ಅದರ ಹಿಂದಿನ ಸಮಾಧಿಗಳು.
ಮೂರು ಗಂಟೆಯ ಕತ್ತಲಿಗೆ ಊರಿಗೆ ಊರೇ ಬರುತ್ತದೆ
ಮೋಂಬತ್ತಿ ಹಿಡಿದು, ತಮ್ಮ ತಮ್ಮ ಸತ್ತವರ ಬಳಿಗೆ.
ಸತ್ತವರು ಕಾದಾರು;
ಬದುಕಿರುವವರ ಬೂಟಿಗೆ ದಾರಿ ಬೇಕು.

ನಂಬುತ್ತೀಯಾ, ಎಂದು ಕೇಳಿದ್ದಳು ಪಾದ್ರಿ ಸಿನಿಕ್ಕಾ
ಹೊಸದಾಗಿ ಬಂದಾಗ, ಕಾಫಿ ಬಗ್ಗಿಸುತ್ತಾ.
ನಾನು ಸಕ್ಕರೆ ಕೇಳಿದೆ.
ಹೆಪ್ಪುಗಟ್ಟಿದ ಕೆರೆ ತಡೆದೀತೇ ಎಂದು ಕೇಳಿದ ಹಾಗೆ ಅದು.
ಬಾಯಲ್ಲಿ ಹೇಳಲಾಗದು,
ಕಾಲಿಟ್ಟು ಕಿವಿಗೊಡಬೇಕು.
ನನ್ನ ಅಣ್ಣ ಕೌಕೋ ಕಿವಿಗೊಟ್ಟಿದ್ದ.
ಆದರೂ.
ಈಗ ಎಡಗಡೆ ಮೂರನೆಯ ಸಾಲಿನಲ್ಲಿದ್ದಾನೆ, ಅಮ್ಮನ ಪಕ್ಕ.

ಟ್ರ್ಯಾಕ್ಟರಿನ ಮೇಲಿಂದ ಊರಿನ ಲೆಕ್ಕವೆಲ್ಲ ಕಾಣುತ್ತದೆ:
ಯಾರ ಕಲ್ಲಿಗೆ ಮೂರು ದೀಪ,
ಯಾರ ಕಲ್ಲಿಗೆ ಬ್ಯಾಟರಿಯದು,
ಯಾರದು ಹಿಮದಡಿ ಬರೀ ಒಂದು ಉಬ್ಬು.
ಬೇಲಿ ಮೂಲೆಯ ಆ ಉಬ್ಬು, ಅಂಗಡಿಯ ವಿಲ್ಯೋ ಕರ್ಪ್ಪಿನೆನ್.
ಹೆಂಡತಿ ಇಲ್ಲ, ಮಕ್ಕಳಿಲ್ಲ,
ತಕ್ಕಡಿಯೊಂದನ್ನು ಬಿಟ್ಟು ಯಾರನ್ನೂ ಮುಟ್ಟಿದವನಲ್ಲ.

ನನಗಾಗ ಏಳು. ಇಂಥದೇ ಮುನ್ನಾದಿನ.
ಎರಡು ಕಿತ್ತಳೆ, ಒಂದು ಪೊಟ್ಟಣ ಒಣದ್ರಾಕ್ಷಿ, ಸಾಲ.
ಅವನು ಸೀಮೆಸುಣ್ಣ ತಗೊಂಡು, ಊರೆಲ್ಲ ನಿಂತಿದ್ದಾಗ,
ಹಲಗೆಯ ಮೇಲೆ ಅಮ್ಮನ ಹೆಸರು ಬರೆದ.
ಅಮ್ಮ ತಲೆವಸ್ತ್ರ ಸರಿಮಾಡಿಕೊಂಡಳು.
‘ಹಿಲ್ಲೆವಿಗೆ ಎರಡು ಲಕಾರ, ಕರ್ಪ್ಪಿನೆನ್.
ಒಂದನ್ನು ನುಂಗಿದ್ದೀರಿ.’
ಅವನು ಒರೆಸಿ ಮತ್ತೆ ಬರೆಯುವವರೆಗೂ ನಿಂತು
ಕಿತ್ತಳೆ ಎತ್ತಿಕೊಂಡು ಹೊರಟಳು.
ದಾರಿಯುದ್ದಕ್ಕೂ ಮಾತಿಲ್ಲ.
ಆ ಕಿತ್ತಳೆಯ ಸಿಪ್ಪೆಯನ್ನೂ ತಿಂದೆವು.

ಈ ವರ್ಷ ಬ್ಲೇಡು ಅತ್ತ ತಿರುಗಿತು.
ದೇವರು ತಿರುಗಿಸಿದ ಅಂದರೆ ಸಿನಿಕ್ಕಾಗೆ ಸಂತೋಷ,
ಹೈಡ್ರಾಲಿಕ್ ಹಳತಾಗಿದೆ ಅಂದರೆ ಪುರಸಭೆಗೆ ಸಮಾಧಾನ.
ನಾನೇ ತಿರುಗಿಸಿದೆ.
ಹನ್ನೆರಡು ಮೀಟರು. ಕಲ್ಲಿನ ತನಕ.
ಇಳಿದು ಕೈಯಿಂದ ಹೆಸರು ಒರೆಸಿದೆ;
ಅಕ್ಷರ ಎಲ್ಲ ಸರಿಯಿತ್ತು.

ಮಧ್ಯಾಹ್ನ ರೇಡಿಯೋದಲ್ಲಿ ತುರ್ಕು ಪಟ್ಟಣದಿಂದ
ಪ್ರತಿವರ್ಷದಂತೆ ಶಾಂತಿಯ ಘೋಷಣೆ ಓದಿದರು,
ಭಂಗ ತಂದವರಿಗೆ ಶಿಕ್ಷೆಯುಂಟು ಎಂಬುದನ್ನೂ ಸೇರಿಸಿ.
ಫ್ಲಾಸ್ಕಿನ ಅನ್ನದ ಗಂಜಿಗೆ ದಾಲ್ಚಿನ್ನಿ ಉದುರಿಸಿ
ಕ್ಯಾಬಿನ್ನಿನಲ್ಲೇ ಕುಡಿದೆ.
ಅದೃಷ್ಟದ ಬಾದಾಮಿ ಇರಲಿಲ್ಲ, ಹಾಕಿಕೊಂಡಿರಲೂ ಇಲ್ಲ.

ಸಂಜೆ ಗುಡ್ಡವೆಲ್ಲ ದೀಪ.
ಯಾರೂ ಜೋರಾಗಿ ಮಾತಾಡುವುದಿಲ್ಲ;
ಹಿಮ ಕರುಕುರು ಅನ್ನುವುದೊಂದೇ ಸದ್ದು.
ಟಿಕ್ಕನೆನರ ಮೊಮ್ಮಗ, ಕೆಂಪು ಟೊಪ್ಪಿಗೆಯವನು,
ಕೈಯಲ್ಲಿ ಮಿಕ್ಕ ಮೋಂಬತ್ತಿ ಹಿಡಿದು
ಬೇಲಿ ಮೂಲೆಗೆ ಓಡಿದ.
ದಾರಿ ಇತ್ತು, ಅಷ್ಟೆ.
‘ಅದು ನಮ್ಮದಲ್ಲ,’ ಅಂದಳು ತಾಯಿ.
ಅಷ್ಟರಲ್ಲಿ ಹಚ್ಚಿಯಾಗಿತ್ತು.

ರಾತ್ರಿ ಸೌನಾ. ಕೈಯ ಡೀಸೆಲ್ ವಾಸನೆ
ಮೂರು ಸಲ ತಿಕ್ಕಿದರೂ ಹೋಗಲಿಲ್ಲ.
ನಮ್ಮದಾದ ಮೇಲೆ ಬಿಸಿ ಕಲ್ಲಿನ ಕೊನೆಯ ಹಬೆ
ಸತ್ತವರಿಗೆ ಬಿಡುವುದು ನಮ್ಮ ಮನೆಯ ವಾಡಿಕೆ.
ಅಮ್ಮನಿಗೊಂದು ಸೌಟು ನೀರು, ಕೌಕೋಗೊಂದು.
ಕೈ ಮೂರನೆಯದಕ್ಕೆ ಹೋಯಿತು.

ಇಲ್ಲ. ಅಷ್ಟು ಒಳ್ಳೆಯವಳಲ್ಲ ನಾನು.
ಸೌಟನ್ನು ಗೂಟಕ್ಕೆ ಸಿಕ್ಕಿಸಿ
ಹೊರಗೆ ಬಂದೆ.
ಹಿಮ ಮತ್ತೆ ಶುರುವಾಗಿತ್ತು.